ಎಡಗೈಯ ಉಗುರು

"ನಿನಗೆ ಹತ್ತು ತುಂಬಿದ ದಿನ ಈ ಪಿಟೀಲು ನಿಂದೇ ಪುಟ್ಟಿ," ಎಂದು ಟೈಲರ್ ಐದು ವರ್ಷದ ಹಿಂದೆ ಮಗಳಿಗೆ ಮಾತು ಕೊಟ್ಟಿದ್ದ. ಇವತ್ತು ಆ ದಿನ. "ತಡಿ, ಶ್ರುತಿ ಮಾಡಿ ಕೊಡ್ತೀನಿ," ಎಂದು ಪೆಟ್ಟಿಗೆಯಿಂದ ಎತ್ತಿಕೊಂಡ.

ಮ್ಯಾಂಡೊಲಿನ್, ಸಿತಾರ್ ಕಲಿತು ಮುಗಿಸಿ ನಲವತ್ತು ದಾಟಿದ ಮೇಲೆ ಪಿಟೀಲು ಹಿಡಿದವನು. ತಂತಿಗೆ ಬೆರಳು ತಾಗಿದರೆ ಅವನಿಗೆ ಮನೆಮಠ ನೆನಪಿರುವುದಿಲ್ಲ. ಹೋದ ವಾರದ ಪಾಠವನ್ನು ಕಣ್ಣು ಮುಚ್ಚಿ ಒಮ್ಮೆ ನುಡಿಸಿದ, ಮತ್ತೊಮ್ಮೆ ನುಡಿಸಿದ.

"ಶ್ರುತಿ ಮಾಡೋಕೆ ಒಂದು ಗಂಟೆ ಬೇಕೇನ್ರೀ?" ಹೆಂಡತಿ ಅಡುಗೆಮನೆಯಿಂದಲೇ ಕುಟುಕಿದಳು.

ಕಣ್ಣು ಬಿಟ್ಟ. ಮಗಳು ಎದುರಿಗೇ ಕೂತಿದ್ದಳು. ಬಲಗೈಯ ಉಗುರುಗಳು ಹಾಗೇ ಇದ್ದವು. ತಂತಿ ಒತ್ತಬೇಕಾದ ಎಡಗೈಯವನ್ನು ಮಾತ್ರ ಬುಡದವರೆಗೆ ಕತ್ತರಿಸಿಕೊಂಡಿದ್ದಳು.

"ಪರವಾಗಿಲ್ಲಪ್ಪಾ, ನೀನೇ ನುಡಿಸು."

ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಪಿಟೀಲನ್ನು ಮಾತ್ರ ಕೊಡಲಿಲ್ಲ.