ಗೀರು ಬಿದ್ದ ವಿರಹ

ನಾಟಕ ಕಂಪನಿ ಮುಚ್ಚಿದ ಮೇಲೆ ಶೇವಂತಾಬಾಯಿ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಮುದುಕಿಯಾದಳು. ಆಕೆಯ ವಿರಹದ ಹಾಡಿನ ಹಳೆಯ ಗ್ರಾಮಫೋನ್ ಪ್ಲೇಟು ಮಾತ್ರ ಊರಿನ ಖಾನಾವಳಿಯಲ್ಲಿ ದಿನವೂ ಮೊಳಗುತ್ತಿತ್ತು. ಅದನ್ನು ಕೇಳಿ ಹುಚ್ಚೆದ್ದ ಜನ ಕಡೆಗೊಮ್ಮೆ ಆಕೆಯನ್ನು ಹುಡುಕಿ ತಂದು ಮತ್ತೆ ವೇದಿಕೆ ಹತ್ತಿಸಿದರು.

ಆಕೆ ಜೀವ ತುಂಬಿ ಹಾಡಿದಳು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಸಭೆಯಲ್ಲಿ ಗುಜುಗುಜು ಎದ್ದಿತು.

“ಈಕಿ ಅಲ್ರೀ ಆಕಿ! ಯಾರನ್ನ ಹಿಡಕೊಂಡು ಬಂದೀರಿ?”

ಹಾರ್ಮೋನಿಯಂ ನುಡಿಸುತ್ತಿದ್ದ ದಸ್ತಗೀರಸಾಬ ಬಗ್ಗಿ ಪಿಸುಗುಟ್ಟಿದ: “ಬಾಯಾರ, ಆ ಪ್ಲೇಟಿಗೆ ಗೀರು ಬಿದ್ದೈತ್ರಿ. ‘ಯಾಕ ಬರಲಿಲ್ಲೋ’ ಅನ್ನೂ ಕಡೆ ಮುಳ್ಳು ಸಿಕ್ಕೊಂಡು ಅಷ್ಟನ್ನ ಮತ್ತ ಮತ್ತ ಹಾಡತೈತಿ. ಇವರು ಕೇಳಿದ್ದು ಅದನ್ನ.”

“ಅಂದ್ರ ನಾನೂ ಸಿಕ್ಕೋಬೇಕೇನೋ?”

“ಕುರ್ಚಿ ತೂರೂದ್ರೊಳಗ ಸಿಕ್ಕೋರಿ!”

ಆಕೆ ಆ ಸಾಲಿಗೆ ಮರಳಿ ಸಿಕ್ಕಿಕೊಂಡಳು. “ಯಾಕ ಬರಲಿಲ್ಲೋ, ಯಾಕ ಬರಲಿಲ್ಲೋ, ಯಾಕ ಬರಲಿಲ್ಲೋ...” ಸಭೆ ಕಣ್ಣೊರೆಸಿಕೊಂಡಿತು. ಗಂಟಲು ಒಣಗಿ ಬಂತು, ಆದರೆ ಮುಂದಿನ ಸಾಲಿಗೆ ಬಾಯಿ ತೆರೆದರೆ ಸಾಕು, “ಮೋಸ, ಮೋಸ!” ಎಂಬ ಕೂಗು.

ಕಡೆಗೆ ಖಾನಾವಳಿಯ ಮಾಲೀಕ ಗಂಭೀರವಾಗಿ ವೇದಿಕೆ ಹತ್ತಿ, ಮುಳ್ಳು ಸಿಕ್ಕಿಕೊಂಡಾಗ ದಿನವೂ ಪ್ಲೇಟಿಗೆ ಮಾಡುವಂತೆ ಆಕೆಯ ಹೆಗಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ. ಆಮೇಲೆಯೇ ಜನ ಹಾಡನ್ನು ಮುಂದಕ್ಕೆ ಹೋಗಗೊಟ್ಟರು.