ಎಡಚರ ಕತ್ತರಿ

ಹೊರದೇಶದಿಂದ ಬಂದ ಮೊದಲ ಮಾತೇ ಬೈಗುಳವಾಗಿತ್ತು.

"ಅತ್ತಿಗೆ, ಬೇಗ ಬನ್ನಿ! ಯಾರೋ ಬರೆದಿದ್ದಾರೆ!" ಎಂದು ಮೈದುನ ಕೂಗಿದಾಗ ಅತ್ತಿಗೆ ಸಾಣೆ ಯಂತ್ರದ ಮುಂದೆ ಕೂತಿದ್ದಳು. ಯಂತ್ರ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತಲೇ ಓಡಿ ಬಂದಳು. ಅವರ ಕತ್ತರಿ ಕಾರ್ಖಾನೆಯ ವೆಬ್‌ಸೈಟ್ ಪರದೇಶದವರಿಗಾಗಿ ಬೇರೆ ಬೇರೆ ಭಾಷೆಗಳಲ್ಲಿ ತೆರೆದುಕೊಂಡದ್ದು ಅಂದು ಬೆಳಿಗ್ಗೆಯಷ್ಟೆ. ಮೈದುನ ಆ ಸಂದೇಶವನ್ನು ತಮ್ಮ ಭಾಷೆಗೆ ತಿರುಗಿಸಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. "ಎಡಗೈ ಕತ್ತರಿ ಅಂತ ಬರೆದು ಬಲಗೈ ಕತ್ತರಿ ತೋರಿಸುತ್ತಿದ್ದೀರಿ. ನನಗೇನು ಕಣ್ಣಿಲ್ಲವೆ? ನಾನು ದರ್ಜಿ." ಕೆಳಗೆ ಒಬ್ಬ ಹೆಂಗಸಿನ ಹೆಸರೂ ಫೋನ್ ನಂಬರೂ ಇದ್ದವು.

ಅತ್ತಿಗೆಯ ಮುಖ ಕೆಂಪಾಯಿತು. "ನಾನು? ನಾನು ಬಲಗೈ ಕತ್ತರಿ ಮಾರ್ತೀನಾ?" ಹುಟ್ಟಾ ಎಡಚಿ ಅವಳು. ತನ್ನಂಥವರಿಗೆಂದೇ ಎಡಗೈ ಕತ್ತರಿ ಮಾಡುವುದನ್ನು ಹಟ ಹಿಡಿದು ಕಲಿತವಳು. ಕಷ್ಟವೆಂದರೆ, ಊರಲ್ಲಿ ಎಡಚರು ಎಷ್ಟು ಜನ ಸಿಗುತ್ತಾರೆ? ಇದ್ದವರೆಲ್ಲ ಕೊಂಡಾಗಿತ್ತು. ಅವಳ ಕತ್ತರಿಯೋ ಸುಲಭಕ್ಕೆ ಸವೆಯುವಂಥದ್ದಲ್ಲ. "ಗಟ್ಟಿಯಾಗಿ ಮಾಡಿ ನೀನೇ ನಿನ್ನ ವ್ಯಾಪಾರ ಕೆಡಿಸಿಕೊಂಡೆ ನೋಡು. ಇದು ಸಾಕು, ಇನ್ನು ಎಲ್ಲರ ಹಾಗೆ ಬಲಗೈಯದನ್ನೇ ಮಾಡೋಣ" ಎಂದು ಗಂಡ ಹೇಳಿ ಆಗಿತ್ತು. ಆಗ ಮಧ್ಯೆ ಬಾಯಿ ಹಾಕಿದವನು ಮೈದುನ. "ಸ್ವಲ್ಪ ತಡಿಯೋ ಅಣ್ಣ. ಲೋಕದಲ್ಲಿ ಎಡಚರಿಗೇನು ಬರವೆ?"

ಈಗ ಅವನು ಆ ಭಾಷೆಯ ಪುಟ ತೆರೆದು ಕತ್ತರಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಎಡಗೈ ಕತ್ತರಿಯಲ್ಲಿ ಎಡಗಡೆಯ ಅಲಗು ಮೇಲಿರಬೇಕು. ಹಾಗಿದ್ದರೆ ಮಾತ್ರ ಎಡಚರಿಗೆ ಕತ್ತರಿಸುವ ಗೆರೆ ಕಾಣುವುದು. ಚಿತ್ರದಲ್ಲಿ ಮೇಲಿದ್ದದ್ದು ಬಲಗಡೆಯದು! ಪಕ್ಕದ ಫೋಟೊದಲ್ಲಿ ಅತ್ತಿಗೆ ನಗುನಗುತ್ತ ಬಲಗೈಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು.

"ಅಯ್ಯೋ!" ಎಂದು ಮೈದುನ ಹಣೆ ಚಚ್ಚಿಕೊಂಡ. "ಆ ಭಾಷೆಯವರು ಬಲದಿಂದ ಎಡಕ್ಕೆ ಓದ್ತಾರೆ ಅತ್ತಿಗೆ. ಅದಕ್ಕೇ ನಾನೇ ಪುಟವನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದೆ. ಚಿತ್ರಗಳೂ ಜೊತೆಗೇ ತಿರುಗಿಬಿಟ್ಟಿವೆ."

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಿಕ್ಕವಳಿದ್ದಾಗ ನನ್ನನ್ನು ಬಲಗೈಗೆ ತಿರುಗಿಸೋಕೆ ಇಡೀ ಮನೆ ಹೆಣಗಿ ಸೋತಿತ್ತು. ನೀನು ಒಂದು ಗುಂಡಿ ಒತ್ತಿ ತಿರುಗಿಸಿಬಿಟ್ಟೆಯಲ್ಲೋ!"

"ನಗಬೇಡಿ ಅತ್ತಿಗೆ. ಆಯಮ್ಮ ಬೇರೆ ಕಡೆ ಹೋಗಿಬಿಡ್ತಾಳೆ. ತಪ್ಪಾಯ್ತು ಅಂತ ಬರೀಲಾ?"

"ಬರೆದರೆ ನಂಬ್ತಾಳಾ? ವಿಡಿಯೊ ಕಾಲ್ ಮಾಡು. ಕೈಯೇ ಹೇಳಲಿ."

ಬಹಳ ಹೊತ್ತು ರಿಂಗ್ ಆದ ಮೇಲೆ ಪರದೆಯಲ್ಲಿ ನರೆತ ಕೂದಲಿನ, ಕೊರಳಲ್ಲಿ ಅಳತೆಪಟ್ಟಿ ಇಳಿಬಿಟ್ಟುಕೊಂಡ ಹೆಂಗಸೊಬ್ಬಳು ಮೂಡಿದಳು. ಹುಬ್ಬು ಗಂಟಿಕ್ಕಿತ್ತು. ಅತ್ತಿಗೆ ಮೇಜಿನ ಮೇಲೆ ದಪ್ಪ ಬಟ್ಟೆಯನ್ನು ಮಡಿಸಿ ಹಾಸಿ, ಸುಣ್ಣದ ಕಡ್ಡಿಯಲ್ಲಿ ಹಾವಿನಂಥ ಡೊಂಕು ಗೆರೆ ಎಳೆದಳು. ಕತ್ತರಿಯನ್ನು ಎಡಗೈಗೆ ತೊಡಿಸಿಕೊಂಡು ಕರ್, ಕರ್, ಕರ್ ಎಂದು ಒಂದೇ ಉಸಿರಿಗೆ ಕತ್ತರಿಸಿಕೊಂಡು ಹೋದಳು. ಗೆರೆ ಎಲ್ಲಿ ತಿರುಗಿತೋ ಅಲಗೂ ಅಲ್ಲೇ ತಿರುಗಿತು.

ಹುಬ್ಬಿನ ಗಂಟು ಸಡಿಲವಾಯಿತು. ದರ್ಜಿ ಹೆಂಗಸು ಮುಖವನ್ನು ಪರದೆಗೆ ಅಂಟಿಸುವಷ್ಟು ಹತ್ತಿರ ತಂದಳು. ಹತ್ತಿರ ಹಿಡಿ ಎಂದು ಸನ್ನೆ ಮಾಡಿದಳು. ತಿರುಗಿಸು ಎಂದಳು. ಇನ್ನೊಮ್ಮೆ ಕತ್ತರಿಸು ಎಂದಳು. ಕೊನೆಗೆ ತನ್ನ ಎಡಗೈ ಹೆಬ್ಬೆರಳನ್ನು ಎತ್ತಿ ತೋರಿಸಿದಳು. ಬುಡದಲ್ಲಿ, ಹೊಂದದ ಹಿಡಿ ಒತ್ತಿ ಒತ್ತಿ ಜಡ್ಡುಗಟ್ಟಿದ ಕಪ್ಪು ಕಲೆ. ಅತ್ತಿಗೆಯೂ ತನ್ನ ಹೆಬ್ಬೆರಳನ್ನು ಎತ್ತಿದಳು. ಅದೇ ಜಾಗದಲ್ಲಿ, ಹಳೆಯದಾಗಿ ಮಾಸಿದ ಅದೇ ಕಲೆ.

ಆ ಕಡೆ ಹೋ ಎಂದು ಗದ್ದಲವೆದ್ದಿತು. ಹೊಲಿಗೆ ಬಿಟ್ಟು ಬಂದ ಹೆಂಗಸರು ಅವಳ ಬೆನ್ನ ಹಿಂದೆ ಮುಗಿಬಿದ್ದಿದ್ದರು. ಒಬ್ಬಳು ನೂಕಿಕೊಂಡು ಮುಂದೆ ಬಂದು ತನ್ನ ಎಡಗೈ ಬೀಸಿದಳು, ಅವಳ ಹಿಂದೆ ಇನ್ನೊಬ್ಬಳು. ಒಂದು ಮಾತೂ ಅರ್ಥವಾಗದೆ ಅತ್ತಿಗೆ ಎಲ್ಲದಕ್ಕೂ ತಲೆಯಾಡಿಸಿದಳು, ಕಣ್ಣು ತುಂಬಿಕೊಂಡು ನಕ್ಕಳು. ಮೈದುನ ಕುರ್ಚಿ ಬಿಟ್ಟು ನಿಂತೇಬಿಟ್ಟಿದ್ದ.

ಕಾಲ್ ಮುಗಿದು ಚಿತ್ರಗಳನ್ನು ಸರಿ ಮಾಡುವಷ್ಟರಲ್ಲಿ ಆರ್ಡರುಗಳು ಬರತೊಡಗಿದವು. ಅತ್ತಿಗೆ ಉಕ್ಕು ತರಲು ಹೋಗಿದ್ದ ಗಂಡನಿಗೆ ಫೋನ್ ಮಾಡಿ, "ರೀ, ಎಲ್ಲಿದ್ದೀರಾ? ಇನ್ನೂ ಅಂಗಡೀಲೇ ಇದ್ದರೆ ಎರಡರಷ್ಟು ತನ್ನಿ. ಯಾಕೆ ಅಂತ ಕೇಳಬೇಡಿ, ತನ್ನಿ!" ಎಂದು ಇಟ್ಟುಬಿಟ್ಟಳು.

"ನಿಮ್ಮ ಆ ದರ್ಜಿಯಮ್ಮ ಎರಡು ಕೇಳಿದ್ದಾಳೆ ಅತ್ತಿಗೆ" ಎಂದ ಮೈದುನ.

"ಎರಡನೆಯದು ಯಾರಿಗೆ ಅಂತ ಕೇಳು. ಕೈ ದೊಡ್ಡದೋ ಚಿಕ್ಕದೋ ಗೊತ್ತಾದರೆ ಹಿಡಿ ಅದಕ್ಕೆ ತಕ್ಕ ಹಾಗೆ ಮಾಡ್ತೀನಿ."

ಉತ್ತರ ತಡವಾಗಲಿಲ್ಲ.

"ದೊಡ್ಡ ಕೈ, ಬಲಗೈ. ನನಗೆ ಹೊಲಿಗೆ ಕಲಿಸಿದ ಮೇಷ್ಟ್ರಿಗೆ. ನಾನು ಕತ್ತರಿಸಿದ್ದೆಲ್ಲ ಸೊಟ್ಟ ಅಂತ ಊರಿಗೆಲ್ಲ ಹೇಳಿದವರು ಅವರು. ದೇವರ ದಯದಿಂದ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಒಂದೇ ಒಂದು ದಿನ ಈ ಎಡಗೈ ಕತ್ತರಿಯಲ್ಲಿ ನೆಟ್ಟಗೆ ಕತ್ತರಿಸಿ ತೋರಿಸಲಿ."