ಕರೆದರೆ ಹಾರುವವನು

"ಅಜ್ಜಿ, ಕರಿ! ಅವನು ನಿಂತಿರೋ ಬಂಡೆ ಕುಸೀತಾ ಇದೆ, ಬೇಗ ಕರಿ!"

ಕೀರ್ತನ ಕೂಗುತ್ತಿದ್ದಂತೆಯೇ ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಪುಟ್ಟ ಮುದುಕ ಬಂಡೆಯ ಸಮೇತ ಹಳ್ಳಕ್ಕೆ ಬಿದ್ದುಹೋದ. ಅಕ್ಕಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುಗಳಿಗೆಗೆ ಅವನು ಅದೇ ಬಂಡೆಯ ಮೇಲೆ ಮತ್ತೆ ನಿಂತಿದ್ದ. ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಹಸಿರು ಟವಲು, ಒಂಚೂರು ಎಡಕ್ಕೆ ವಾಲಿದ ಭುಜ. ಹಿತ್ತಲಲ್ಲಿ ಹಸುವಿಗೆ ಮೇವು ಕತ್ತರಿಸುತ್ತಿದ್ದ ಗಂಡನನ್ನೇ ಯಾರೋ ಬೆರಳುದ್ದ ಮಾಡಿ ಗಾಜಿನೊಳಗೆ ಇಟ್ಟ ಹಾಗಿತ್ತು.

"ಇವರು ಇದರೊಳಕ್ಕೆ ಯಾವಾಗ ಹೋದ್ರೇ?" ಎಂದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದಳು.

ಆ ಆಟವನ್ನು ಮೊಮ್ಮಗಳು ಕೀರ್ತನ ಇಬ್ಬರು ಗೆಳತಿಯರ ಜೊತೆ ದೇವನಹಳ್ಳಿಯಲ್ಲಿ ಬೇಕರಿಯ ಮೇಲಿನ ರೂಮಿನಲ್ಲಿ ಕೂತು ಮಾಡಿದ್ದಳು. ಹಿಂದೆ ಯಾವ ಕಂಪನಿಯೂ ಇಲ್ಲ. ಹೊಲದಿಂದ ಹೊರಟ ಮುದುಕ ಹಳ್ಳ, ಬಂಡೆ, ಕೆರೆಕೋಡಿ ದಾಟಿ ಮನೆಯ ಹೊಸಿಲು ಮುಟ್ಟಬೇಕು. ಗುಂಡಿ ಒತ್ತಿದರೆ ನಡೆಯುತ್ತಾನೆ, ಕರೆದರೆ ಮಾತ್ರ ಹಾರುತ್ತಾನೆ. ಎಷ್ಟು ಎಳೆದು ಕರೆಯುತ್ತೀರೋ ಅಷ್ಟು ದೂರ. ಹೊಸಿಲಿನ ಮುಂದಿನ ಕೊನೆಯ ಹಳ್ಳ ದಾಟಿಸುವಷ್ಟು ಉಸಿರು ಮೂವರಲ್ಲಿ ಯಾರಿಗೂ ಇರಲಿಲ್ಲ. ನಾಳೆ ಬೆಂಗಳೂರಲ್ಲಿ ಜನರ ಮುಂದೆ ಆಟ ಇಡಬೇಕು. ಅಜ್ಜಿಯ ಗಂಟಲಿಗೂ ಆಗದಿದ್ದರೆ ಆ ಹಳ್ಳವನ್ನೇ ತೆಗೆದುಹಾಕುವುದೆಂದು ಕೀರ್ತನ ಊರಿಗೆ ಬಂದಿದ್ದಳು. ಅಕ್ಕಯಮ್ಮ ಕೂಗಿದರೆ ಕೆರೆಯಾಚೆಯ ಎಮ್ಮೆಯೂ ತಲೆ ಎತ್ತುತ್ತದೆ ಎಂಬುದು ಊರಿನ ಮಾತು.

"ಏನಂದ್ರೇ..." ಅಕ್ಕಯಮ್ಮ ಪರದೆಯ ಹತ್ತಿರ ಬಗ್ಗಿ ಕರೆದಳು. ಮುದುಕ ಅಲ್ಲಾಡಲಿಲ್ಲ. "ಇಲ್ನೋಡೀ... ಯಜಮಾನ್ರೇ... ಕೀರ್ತನನ ತಾತೋ!"

ಬಿದ್ದ.

"ಇವನೂ ನಿಮ್ಮ ತಾತನ ಥರಾನೇ, ನನ್ನ ಮಾತಿಗೆ ಬೆಲೆ ಇಲ್ಲ. ನೋಡಲ್ಲಿ, ನಡುಮನೇಲಿ ಕೆಸರುಗಾಲು. ಅವರವ್ವ ಇರೋಗಂಟ ಕಾಲು ತೊಳೀದೆ ಹೊಸಿಲು ದಾಟ್ತಿರಲಿಲ್ಲ. ನಾನು ಬಡ್ಕೊಂಡ್ರೆ ಮಾತ್ರ ಕಿವಿಗೇ ಬೀಳಲ್ಲ."

"ಹೆಸರು ಹಿಡಿದು ಕರೀಬೇಕು ಅಜ್ಜಿ. ಮೊದ್ಲು ಯಾವ ಸದ್ದಿಗಾದ್ರೂ ಹಾರ್ತಿದ್ದ. ಏರ್‌ಪೋರ್ಟ್ ಪಕ್ಕ ಅಲ್ವಾ, ಒಂದೊಂದು ವಿಮಾನ ಎದ್ದಾಗ್ಲೂ ತಾನೇ ಹಾರಿ ಹಳ್ಳಕ್ಕೆ ಬೀಳ್ತಿದ್ದ. ಅದಕ್ಕೇ ತಾತನ ಹೆಸರು ಕಲಿಸಿದ್ವಿ. ಈಗ ಬೇರೆ ಯಾವುದಕ್ಕೂ ಹಾರಲ್ಲ."

"ನಿಂಗೆ ಬೇರೆ ಹೆಸರು ಸಿಕ್ಕಲಿಲ್ವೇನೇ? ಕೊಂಡಪ್ಪ ಅಂತ ಇಡಬೇಕಿತ್ತು."

"ಕೊಂಡಪ್ಪ ಅಂದ್ರೆ ಮೋರಿ ದಾಟ್ತಾನೆ ಅಷ್ಟೆ. ತಾತನ ಹೆಸರು ಎಷ್ಟುದ್ದ ಐತೆ!"

ಅಕ್ಕಯಮ್ಮ ಮುಖ ತಿರುಗಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನನ್ನು ಬೈದದ್ದುಂಟು, ಹೆಸರು ಹಿಡಿದದ್ದಿಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಮದುವೆಯ ಚಪ್ಪರದಲ್ಲೇ ಹೇಳಿಸಿಕೊಂಡವಳು. ಹೋದ ತಿಂಗಳು ಎದೆನೋವಿಗೆ ಆತನನ್ನು ಆಸ್ಪತ್ರೆ ಸೇರಿಸಿದಾಗ ನರ್ಸು ರೋಗಿಯ ಹೆಸರು ಕೇಳಿ ಕೇಳಿ ಗದರಿದರೂ ಕೀರ್ತನಳತ್ತ ಕೈ ತೋರಿಸಿದ್ದಳೇ ಹೊರತು ಬಾಯಿ ಬಿಟ್ಟಿರಲಿಲ್ಲ. ಊರಿಗೆ ಆತ ಯಜಮಾನರು, ಮಕ್ಕಳಿಗೆ ಅಪ್ಪ, ಮೊಮ್ಮಗಳಿಗೆ ತಾತ. ಆ ಹೆಸರನ್ನು ಪೂರಾ ಹಿಡಿದು ಕರೆಯುತ್ತಿದ್ದದ್ದು ಅತ್ತೆ ಮುನಿಲಕ್ಷ್ಮಮ್ಮ ಒಬ್ಬಳೇ. ದೀಪ ಹಚ್ಚುವ ಹೊತ್ತಿಗೆ ಹೊಸಿಲ ಮೇಲೆ ನಿಂತು ಹೊಲದ ಕಡೆಗೆ ಕೂಗುತ್ತಿದ್ದಳು. ಆಕೆ ತೀರಿಹೋಗಿ, ಕೀರ್ತನ ಹುಟ್ಟಿ, ಈಗ ಇಷ್ಟು ದೊಡ್ಡವಳಾಗಿದ್ದಾಳೆ.

ಬಂಡೆ ಮತ್ತೆ ಬಿರುಕು ಬಿಟ್ಟಿತು. ಹಳ್ಳದಾಚೆ ದೀಪವಿದ್ದ ಹೊಸಿಲು. ಮುದುಕ ಟವಲು ಸರಿಮಾಡಿಕೊಂಡು ಇತ್ತ ತಿರುಗಿ, ಅಕ್ಕಯಮ್ಮನನ್ನೇ ನೋಡಿದ.

"ಅಜ್ಜಿ, ಕರೀದಿದ್ರೆ ಸಾಯ್ತಾನೆ!"

"ಕರೆದ್ರೂ ಸಾಯ್ತಾರಂತಲ್ಲೇ!"

ಅಷ್ಟರಲ್ಲಿ ವಿಮಾನವೊಂದು ಹೆಂಚು ನಡುಗಿಸುತ್ತ ಮೇಲೆ ಹಾದುಹೋಯಿತು. ಮುದುಕ ಮಿಸುಕಲಿಲ್ಲ. ಅಷ್ಟು ದೊಡ್ಡ ಸದ್ದಿಗೂ ಜಗ್ಗದೆ ತನ್ನ ಹೆಸರಿಗಾಗಿ ಕಾದು ನಿಂತಿದ್ದ. ಕಾಲ ಕೆಳಗಿನ ಕಲ್ಲು ಚೂರುಚೂರಾಗಿ ಉದುರುತ್ತಿತ್ತು. ಅಕ್ಕಯಮ್ಮನಿಗೆ ಆಸ್ಪತ್ರೆಯ ಗಾಜಿನ ಬಾಗಿಲು ಕಂಡಿತು. ಅದರಾಚೆ ಮಲಗಿದ್ದಾಗಲೂ ಅವರು ಹೀಗೇ ನೋಡಿದ್ದರು. ಆಗಲೂ ಅವಳು ಕರೆದಿರಲಿಲ್ಲ.

ಅವಳು ಎದ್ದು ನಿಂತಳು. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ಎದೆ ತುಂಬ ಉಸಿರೆಳೆದಳು.

"ಹನುಮಂತ್ರಾಯಾ... ಪ್ಪೋ...!"

ಆ ರಾಗ ಅವಳದಾಗಿರಲಿಲ್ಲ, ಅತ್ತೆಯದು. ಹೆಸರಿನ ಜೊತೆಗೇ ಅದೂ ಗಂಟಲಿನಿಂದ ಎದ್ದು ಬಂದಿತ್ತು. ಪರದೆಯ ಮೇಲೆ ಮುದುಕ ಎದ್ದ. ಹಳ್ಳದ ನಡುವಿಗೆ ಬಂದ. ದನಿ ಇನ್ನೂ ನಿಂತಿರಲಿಲ್ಲ, ಅವನೂ ಇಳಿಯಲಿಲ್ಲ. ಟವಲು ಹಿಂದಕ್ಕೆ ಹಾರುತ್ತಿತ್ತು, ಪಂಚೆ ಗಾಳಿ ತುಂಬಿ ಉಬ್ಬಿತ್ತು, ಕೆಳಗೆ ಕತ್ತಲು. ತಾನೇ ಗೆರೆ ಗೆರೆ ಎಳೆದು ಮಾಡಿದ ಗೊಂಬೆ ತನಗೆ ಗೊತ್ತಿಲ್ಲದ ಯಾವುದೋ ಬಲದಿಂದ ಹಾರುತ್ತಿರುವುದನ್ನು ಕೀರ್ತನ ಬಾಯಿ ತೆರೆದು ನೋಡಿದಳು. ಮುದುಕ ದೀಪದ ಪಕ್ಕದಲ್ಲಿ, ಹೊಸಿಲ ಮೇಲೆ, ಮೆತ್ತಗೆ ಇಳಿದ.

ಹಿತ್ತಲಲ್ಲಿ ಮೇವು ಕತ್ತರಿಸುವ ಸದ್ದು ನಿಂತುಹೋಗಿತ್ತು.

"ಬಂದೇ ಕಣವ್ವೋ!"

ಕುಡುಗೋಲು ಕೆಳಗೆ ಬಿದ್ದ ಸದ್ದು. ತೊಟ್ಟಿಯಿಂದ ಚೊಂಬು ಚೊಂಬು ನೀರು ಸುರಿದ ಸದ್ದು. ಆಮೇಲೆ ಹಿತ್ತಲ ಬಾಗಿಲಲ್ಲಿ ಹನುಮಂತರಾಯಪ್ಪ ಬಂದು ನಿಂತ. ತಲೆಯೆಲ್ಲ ನೆರೆತಿತ್ತು, ಉಸಿರು ಮೇಲೆ ಕೆಳಗೆ ಆಡುತ್ತಿತ್ತು. ಹೆಂಡತಿಯನ್ನೂ ಮೊಮ್ಮಗಳನ್ನೂ ದಾಟಿ ಅವನ ಕಣ್ಣು ಒಳಗೆ ಯಾರನ್ನೋ ಹುಡುಕಿತು. ಒಳಗೆ ಬರದೆ, ಪಂಚೆಯನ್ನು ಒಂಚೂರು ಎತ್ತಿ, ನೀರು ತೊಟ್ಟಿಕ್ಕುತ್ತಿದ್ದ ಎರಡೂ ಪಾದ ತೋರಿಸಿದ.

"ತೊಳ್ಕೊಂಡೇ ಬಂದಿದೀನಿ ಕಣವ್ವಾ."